ಅಣ್ಣನ ಓಟ

೧೫ ಸೆಪ್ಟೆಂಬರ್ ೨೦೨೪, ರವಿವಾರ

ಫುಟ್‌ಬಾಲ್ ಲೀಗಿನ ಮೊದಲ ಆಟ ಮುಗಿಯಿತು. ಒಂದಕ್ಕೊಂದು, ಸಮ. ಅಣ್ಣ ಇಲ್ಲದೆ ನಾನು ಆಡಿದ ಮೊದಲ ಆಟ.

ಬಲಗಡೆ ಮುಂದೆ ನಾನು, ನನ್ನ ಬೆನ್ನ ಹಿಂದೆ ಬ್ಯಾಕ್ ಜಾಗದಲ್ಲಿ ಅಣ್ಣ ರಾಮಲಿಂಗ. ನಾವು ಕ್ಲಬ್ಬಿಗೆ ಬಂದಾಗಿನಿಂದ ಹಾಗೇ ಇತ್ತು. ಫೆಬ್ರವರಿಯಲ್ಲಿ ಅವನು ನಮ್ಮೂರು ಗುಂಜಿಯಿಂದ ಬೆಳಗಾವಿಗೆ ಬೈಕ್ ಮೇಲೆ ಬರುವಾಗ ದೇಸೂರ ಹತ್ತಿರ ಒಂದು ಕಬ್ಬಿನ ಟ್ರಾಲಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪ ಇರಲಿಲ್ಲ. ಇವತ್ತು ಅವನ ಜಾಗದಲ್ಲಿ ಖಾನಾಪುರದ ಪ್ರಸಾದ ಆಡಿದ.

ನಮ್ಮಿಬ್ಬರ ಆಟ ಇಷ್ಟೇ. ಚೆಂಡು ಬಂದರೆ ನಾನು ನಿಲ್ಲುತ್ತಿದ್ದೆ. ಎದುರಿನವನು ನನ್ನ ಮೇಲೆ ಬರುತ್ತಿದ್ದ. ಅಷ್ಟರಲ್ಲಿ ಅಣ್ಣ ಹಿಂದಿನಿಂದ ನನ್ನನ್ನು ಸುತ್ತಿ ಗೆರೆಯ ಗುಂಟ ಓಡುತ್ತಿದ್ದ. ಹೆಸರು ಕೂಗುತ್ತಿರಲಿಲ್ಲ. ಕುರಿ ತಿರುಗಿಸುವಾಗ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟ್ರರ್ರ್ ಅನ್ನುತ್ತೇವಲ್ಲ, ಆ ಸದ್ದು ಮಾಡುತ್ತಿದ್ದ. ನಾನು ನೋಡದೆಯೇ ಚೆಂಡನ್ನು ಗೆರೆಯ ಕಡೆ ತಳ್ಳುತ್ತಿದ್ದೆ. ಚಿಕ್ಕವರಿದ್ದಾಗ ಕುರಿ ಮಂದಿಯ ಪೈರಿಗೆ ಬಾಯಿ ಹಾಕದಂತೆ ಕಾಯುವಾಗಲೂ ನಾನು ನಿಲ್ಲುವವನು, ಅವನು ಸುತ್ತು ಹಾಕುವವನು.

ಇವತ್ತೂ ನಿಂತೆ. ಪ್ರಸಾದ ಓಡಿದ. ಅವನ ಬೂಟಿನ ಸದ್ದು ಪಕ್ಕದಲ್ಲೇ ಹೋಯಿತು. ನಾನು ಚೆಂಡು ಕೊಡಲಿಲ್ಲ. ಎದುರಿನವನು ಕಸಿದುಕೊಂಡ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಜನ ಕೂಗತೊಡಗಿದರು.

೧೮ ಸೆಪ್ಟೆಂಬರ್, ಬುಧವಾರ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿಯ ಗೇಟಿನ ಹೊರಗೆ ಚಹಾದ ಗಾಡಿ. ಮೋಲ್ಡಿಂಗ್ ವಿಭಾಗದ ಭರಮಪ್ಪ ಕಾಕಾ ಮತ್ತು ಗುರುಪುತ್ರಪ್ಪನವರ ನಡುವೆ ನನ್ನ ವಿಷಯಕ್ಕೇ ಜಗಳ ನಡೆದಿತ್ತು. ಗುರುಪುತ್ರಪ್ಪನವರು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಒಂದು ಆಟವನ್ನೂ ಬಿಡುವುದಿಲ್ಲ. ನಾನು ಹಿಂದೆ ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲ.

"ಚೆಂಡ ಸಿಕ್ಕ ಕೂಡ್ಲೇ ಕಂಬ ಆಗ್ತಾನ ನಿಮ್ಮ ಹಣಮ್ಯಾ," ಗುರುಪುತ್ರಪ್ಪನವರು ಹೇಳುತ್ತಿದ್ದರು. "ನಾ ಜನ್ಮಾ ಪೂರ್ತಿ ಬಸ್ಸಿನ್ಯಾಗ ಒದರಿದ್ದು ಅದನ್ನ. ಮುಂದ ಸರೀರಿ, ಮುಂದ ಜಾಗಾ ಖಾಲಿ ಐತಿ! ಈ ಹುಡುಗಗ ಟಿಕೆಟ್ ಹರದ ಕೊಟ್ರೂ ಮುಂದ ಸರಿಯಾಂಗಿಲ್ಲ."

"ಅಣ್ಣನ್ನ ಕಳಕೊಂಡಾನ್ರೀ ಅಂವ. ಸ್ವಲ್ಪ ಕರುಳ ಇರಲಿ."

"ಕರುಳ ಐತಿ. ಆದ್ರ ಗೋಲ್ ಹಾಕಾವ್ರ ಯಾರು? ಬೆಂಚಿನ ಮ್ಯಾಲ ಕುಂತ ಆ ರೋಹನನ್ನ ಆಡಸ್ರಿ."

"ಇಡೀ ಉದ್ಯಮಬಾಗ ಹಣಮ್ಯಾನ ಕಡಿ ಐತಿ."

"ಉದ್ಯಮಬಾಗದ ಮಂದಿ ಫೌಂಡ್ರ್ಯಾಗ ಕಾಸಿದ ಲೋಖಂಡ ನೋಡ್ಯಾರ, ಚೆಂಡ ಯಾವಾಗ ನೋಡ್ಯಾರ?"

ಎಲ್ಲರೂ ನಕ್ಕರು. ಭರಮಪ್ಪ ಕಾಕಾ ನನ್ನ ಪರವಾಗಿ ಆಡಿದ ಮಾತೇ ನನಗೆ ಹೆಚ್ಚು ಚುಚ್ಚಿತು. ಕುಡಿಯದೆ ಚಹಾ ಚೆಲ್ಲಿ ಒಳಗೆ ಹೋದೆ. ಸಂಜೆಯವರೆಗೆ ಗ್ರೈಂಡಿಂಗ್ ಮಾಡಿದೆ. ಆ ಗದ್ದಲದಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಅದು ಒಳ್ಳೆಯದು.

೨೯ ಸೆಪ್ಟೆಂಬರ್, ರವಿವಾರ

ಸೋತೆವು.

ನಾನು ಚೆಂಡು ಹಿಡಿದು ನಿಂತಿದ್ದೆ. ಹಿಂದಿನಿಂದ ಟ್ರರ್ರ್ ಅಂತ ಕೇಳಿತು. ತಿರುಗಿ ನೋಡಿದೆ. ಪ್ರಸಾದ ಓಡಿ ಬರುತ್ತಿದ್ದ, ನಾಲಿಗೆ ಇನ್ನೂ ಅಂಗುಳದಲ್ಲೇ ಇತ್ತು. ಚೆಂಡು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಅವರು ಅದೇ ಚೆಂಡು ಒಯ್ದು ಗೋಲು ಹಾಕಿದರು.

ಆಟ ಮುಗಿದ ಮೇಲೆ ಅವನು ನನ್ನ ಬಾಜು ಬಂದು ಕುಳಿತ.

"ಹಣಮಾ, ನನ್ನಿಂದ ತಪ್ಪಾತೇನ? ರಾಮು ಅಣ್ಣಾ ಹಂಗ ಆವಾಜ ಮಾಡ್ತಿದ್ರಲ್ಲ. ನಾ ಆಗ ಗೆರಿ ಮ್ಯಾಲ ಕುಂತು ನೋಡ್ತಿದ್ದೆ. ಅದ ಆವಾಜ ಮಾಡಿದ್ರ ನಿನಗ ಲಗೂನ ತಿಳೀತೈತಿ ಅಂತ ಮನ್ಯಾಗ ಪ್ರಾಕ್ಟೀಸ್ ಮಾಡೀನಿ. ನಮ್ಮ ಆಯಿ ಬೈದ್ಲು, ಮನ್ಯಾಗ ಕುರಿ ಇಲ್ಲ ಮರಿ ಇಲ್ಲ, ಯಾರನ್ನ ಕರ್ಯಾಕತ್ತಿ ಅಂತ."

ಅವನು ನಕ್ಕ. ನಾನು ನಗಲಿಲ್ಲ.

"ನೀ ಕುರಿ ಕಾಯ್ದಾಂವ ಅಲ್ಲ. ಆ ಆವಾಜ ಮಾಡಬ್ಯಾಡ."

"ಬರೋಬರಿ. ಮತ್ತ ಏನಂತ ಕೂಗಲಿ?"

"ಕೂಗಬ್ಯಾಡ."

ಕೋಚ್ ಸರ್ ನನ್ನನ್ನು ಆಚೆ ಕರೆದು, ಮುಂದಿನ ಆಟಕ್ಕೆ ಕುಂದರು, ಅಂದರು. ಅಷ್ಟೇ ಅಂದರು.

೬ ಅಕ್ಟೋಬರ್, ರವಿವಾರ

ಬೆಂಚಿನ ಮೇಲೆ.

ನನ್ನ ಜಾಗದಲ್ಲಿ ರೋಹನ. ಕಾಲೇಜಿನ ಹುಡುಗ, ಸಿಟಿಯವನು. ಎಲ್ಲರನ್ನೂ ನಗಿಸುತ್ತಾನೆ. ಅವನನ್ನು ದ್ವೇಷ ಮಾಡುವುದು ಸುಲಭವಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಪ್ರಸಾದ ಹೊರಗಿನಿಂದ ಓಡಿದ, ರೋಹನ ಅವನಿಗೆ ಚೆಂಡು ಬಿಟ್ಟ, ಅಲ್ಲಿಂದ ಅವನು ಎತ್ತಿ ಹೊಡೆದದ್ದು ಗೋಲಾಯಿತು. ಗುರುಪುತ್ರಪ್ಪನವರು ಛತ್ರಿ ಎತ್ತಿ ಕುಣಿದರು. ಗೆದ್ದೆವು.

ಪ್ರಸಾದ ಆ ಸದ್ದನ್ನು ಬಿಟ್ಟಿಲ್ಲ. ರೋಹನನಿಗೆ ಅದು ಹಿಡಿಸಿದೆಯಂತೆ. "ಮಸ್ತ ಐತಿ, ಎದುರಿನವ್ರಿಗೆ ತಲಿಬುಡ ತಿಳ್ಯಾಂಗಿಲ್ಲ" ಅಂತ ಅವನೇ ಕೋಚ್ ಸರ್‌ಗೆ ಹೇಳಿದ. ಮಾಡಲಿ ಬಿಡು, ಅಂದರು ಸರ್.

ನಮ್ಮ ಅಪ್ಪ, ಅಪ್ಪನ ಅಪ್ಪ ಮಾಡಿದ ಸದ್ದು. ಈಗ ಕ್ಲಬ್ಬಿನದಾಗಿದೆ.

೨೦ ಅಕ್ಟೋಬರ್, ರವಿವಾರ

ಇವತ್ತಿನ ಆಟ ಖಾನಾಪುರದಲ್ಲಿ ಇತ್ತು. ಅವ್ವ ಗುಂಜಿಯಿಂದ ಬಸ್ ಹಿಡಿದು ಬಂದಿದ್ದಳು. ಅಣ್ಣ ಇದ್ದಾಗ ಒಮ್ಮೆಯೂ ಆಟ ನೋಡಲು ಬಂದವಳಲ್ಲ. ನಾನು ಜಾಗ ಕಳೆದುಕೊಂಡದ್ದನ್ನು ಅವಳಿಗೆ ಹೇಳಿರಲಿಲ್ಲ. ಕೈಯಲ್ಲಿ ರೊಟ್ಟಿಯ ಗಂಟು. ಗೆರೆಯ ಆಚೆ ಹುಲ್ಲಿನ ಮೇಲೆ ಕುಳಿತಳು. ನಾನು ಈಚೆ ಬೆಂಚಿನ ಮೇಲೆ, ಅಂಗಿಯ ಮೇಲೆ ಬದಲಿ ಆಟಗಾರರ ಹಸಿರು ಬನಿಯನ್ ಹಾಕಿಕೊಂಡು.

ಮೊದಲರ್ಧದಲ್ಲಿ ಪ್ರಸಾದ ಅವಳ ಮುಂದೆಯೇ ಆ ಸದ್ದು ಮಾಡುತ್ತ ಓಡಿದ. ಅವ್ವ ಎದ್ದು ನಿಂತಳು. ಸೆರಗು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಆಟ ಮುಗಿಯುವವರೆಗೆ ಅವಳು ಕುಳಿತುಕೊಳ್ಳಲೇ ಇಲ್ಲ. ಚೆಂಡು ಎಲ್ಲಿದ್ದರೂ ಅವಳು ಅವನೊಬ್ಬನನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ನೇರ ಅವನ ಹತ್ತಿರ ಹೋದಳು.

"ಯಾರ ಮಗಪ್ಪಾ ನೀ?"

"ಇಲ್ಲೇ ಸ್ಟೇಷನ್ ಹಂತೇಕ ಮನಿ ಐತ್ರೀ ಮಾವಶಿ."

ಅವ್ವ ಅವನ ಗಲ್ಲ ಸವರಿ ಲಟಿಗೆ ಮುರಿದಳು. ಗಂಟು ಬಿಚ್ಚಿ ಅವನ ಕೈಯಲ್ಲಿ ರೊಟ್ಟಿ ಇಟ್ಟಳು. ಬ್ಯಾಡ ಬ್ಯಾಡ ಅಂದರೂ ಬಿಡಲಿಲ್ಲ. ಅವನು ನಿಂತೇ ತಿಂದ. ಪೂರ್ತಿ ತಿಂದ.

ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. "ಆ ಹುಡುಗ ಓಡಿದ್ರ ಎದಿ ಒಂಚೂರು ತಣ್ಣಗಾತೋ ಹಣಮಾ," ಅಂದಳು.

"ಅವ್ವಾ, ನಾ ಇವತ್ತ ಆಡಲಿಲ್ಲ."

"ಹೌದೇನ?" ಅಂದಳು.

೨ ನವೆಂಬರ್, ಶನಿವಾರ

ಈ ವರ್ಷ ಮನೆಯಲ್ಲಿ ದೀಪಾವಳಿ ಇಲ್ಲ. ಊರಿಗೆ ಹೋಗಲಿಲ್ಲ. ಅವ್ವ ಫೋನ್ ಮಾಡಿದ್ದಳು. ಪ್ರಸಾದ ಹೋಗಿದ್ದನಂತೆ, ಕುರಿ ನೋಡಿದನಂತೆ, ಮರಿಯನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡನಂತೆ.

೬ ನವೆಂಬರ್, ಬುಧವಾರ

ಚಹಾದ ಹೊತ್ತಿನಲ್ಲಿ ಭರಮಪ್ಪ ಕಾಕಾ ಕರೆದು ಕೂರಿಸಿಕೊಂಡರು. "ತಮ್ಮಾ, ನಿನ್ನ ಜಾಗಾ ನಿನಗ ಬರ್ತೈತಿ. ನಾವದೀವಿ."

ನಾನು ಸುಮ್ಮನೆ ಇರಬಹುದಿತ್ತು. ಹೇಳಿದೆ: "ಪ್ರಸಾದ ಮುಂದ ಓಡಿದಾಗ ಅವನ ಹಿಂದ ನೋಡ್ರಿ ಕಾಕಾ. ಎಷ್ಟ ಜಾಗಾ ಬಿಡ್ತಾನ. ಅಣ್ಣ ಓಡಿದ್ರ ಓಡಿದಷ್ಟ ಜೋರಿಲೆ ತಿರುಗಿ ಬರ್ತಿದ್ದ."

ಇದು ಸುಳ್ಳಲ್ಲ. ಹೋದ ಆಟದಲ್ಲಿ ಒಂದು ಸಲ ಅವನು ಬರುವುದು ತಡವಾಗಿತ್ತು, ನಾನೇ ನೋಡಿದ್ದೇನೆ.

"ಹೌದಲ್ಲೋ! ನನಗ ಹೊಳದ ಇರ್ಲಿಲ್ಲ." ಕಾಕಾ ಚಹಾದ ಲೋಟ ಕೆಳಗಿಟ್ಟರು. "ಮತ್ತ ಅಂವ ಖಾನಾಪುರದಾಂವ ಅಲ್ಲ? ಅಲ್ಲಿ ಕ್ಲಬ್ಬಿನ್ಯಾಗ ಅವನ ದೋಸ್ತರ ಭಾಳ ಅದಾರಂತ. ಅವರ ಸಲುವಾಗಿ ಜಾಗಾ ಬಿಡ್ತಾನೋ ಏನೋ?"

ನಾನು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಸೈರನ್ ಆಯಿತು, ಎದ್ದು ಹೋದೆ.

೧೦ ನವೆಂಬರ್, ರವಿವಾರ

ಪ್ರಸಾದ ಮುಂದೆ ಕಾಲಿಟ್ಟರೆ ಸಾಕು, ಫೌಂಡ್ರಿಯ ಮಂದಿ ಶುರು ಮಾಡುತ್ತಿದ್ದರು.

"ಏ ಪ್ರಸಾದಾ! ಮನಿ ಬಾಗಿಲಾ ತೆರದ ಬಿಟ್ಟು ಎಲ್ಲಿ ಹೊಂಟಿ?"

"ಖಾನಾಪುರದ ಬಸ್ ಅಲ್ಲಿ ಬರೂದಿಲ್ಲೋ, ಹಿಂದ ಬಾ!"

ಗುರುಪುತ್ರಪ್ಪನವರು ಒಬ್ಬರೇ ಎದ್ದು ಅವರ ಮೇಲೆ ರೇಗಿದರು. "ಓಡಲಿ ಬಿಡ್ರೋ! ಈ ತಂಡದಾಗ ಓಡಾಂವ ಅಂವ ಒಬ್ಬನ ಅದಾನ." ಅವರನ್ನು ಎಳೆದು ಕೂರಿಸಿದರು. ಎರಡು ಗುಂಪು ಕೈ ಕೈ ಮಿಲಾಯಿಸುವುದೊಂದು ಬಾಕಿ. ಈ ಸಲ ಜಗಳ ನನ್ನ ವಿಷಯಕ್ಕಲ್ಲ.

ಪ್ರಸಾದ ಅರ್ಧ ದಾರಿ ಓಡಿ, ಕೂಗು ಕೇಳಿ, ನಿಂತು ತಿರುಗಿದ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಚೆಂಡು ಅವನನ್ನು ದಾಟಿ ಹೋಯಿತು. ಗೋಲು.

ನೋಡಿದಿರಾ ಅಂತ ಭರಮಪ್ಪ ಕಾಕಾ ನಮ್ಮ ಬೆಂಚಿನ ಕಡೆ ಕೈ ತೋರಿಸಿದರು.

೨೪ ನವೆಂಬರ್, ರವಿವಾರ

ಕೋಚ್ ಸರ್ ಪ್ರಸಾದನಿಗೆ ಮೈದಾನದ ನಡುಗೆರೆ ದಾಟಬೇಡ ಅಂತ ಹೇಳಿದ್ದರು. ಹೊರಗಿನಿಂದ ಯಾರೂ ಓಡದೆ ರೋಹನನಿಗೆ ಏನೂ ಮಾಡಲಾಗಲಿಲ್ಲ. ಎರಡನೇ ಅರ್ಧಕ್ಕೆ ನನ್ನನ್ನು ಇಳಿಸಿದರು.

ಮೊದಲ ಚೆಂಡು ಬಂದಾಗ ನಿಲ್ಲಲಿಲ್ಲ. ಹಿಂದೆ ಯಾರೂ ಬರುವುದಿಲ್ಲ ಅಂತ ಗೊತ್ತಿತ್ತು. ಒಳಗೆ ತಿರುಗಿಸಿಕೊಂಡು ಎಡಗಾಲಿನಿಂದ ಹೊಡೆದೆ. ಕಂಬಕ್ಕೆ ಬಡಿದು ಒಳಗೆ ಹೋಯಿತು. ಭರಮಪ್ಪ ಕಾಕಾ ಮೈದಾನದೊಳಗೇ ಓಡಿ ಬಂದರು.

೮ ಡಿಸೆಂಬರ್, ರವಿವಾರ

ಎರಡು ಗೋಲು! ಎರಡೂ ನನ್ನವು. ಮೊದಲನೆಯದು ಗೋಲ್‌ಕೀಪರನ ಕಾಲ ನಡುವೆ. ಎರಡನೆಯದಕ್ಕೆ ಇಬ್ಬರನ್ನು ದಾಟಿ ಒಳಗೆ ಹೋದೆ. ಅವರು ಹೇಗೆ ಬಿದ್ದರೋ ನಾನು ತಿರುಗಿ ನೋಡಲಿಲ್ಲ. ಮಂದಿ ನನ್ನನ್ನು ಹೆಗಲ ಮೇಲೆ ಎತ್ತಿದರು. ಕಂಡಕ್ಟರ್ ಗುರುಪುತ್ರಪ್ಪನವರು ಸಹ ಬಂದು ಬೆನ್ನು ತಟ್ಟಿದರು. "ಕಡೀಕೂ ನಿನ್ನ ಬಸ್ ಸ್ಟ್ಯಾಂಡ್ ಬಿಟ್ಟಿತಪಾ," ಅಂದರು. ಕೋಚ್ ಸರ್ ಎಲ್ಲರ ಮುಂದೆ, ಬಲಗಡೆ ಇನ್ನು ಹಣಮಪ್ಪನೇ, ಅದರ ಮಾತು ಮುಗಿಯಿತು, ಅಂದರು. ರೋಹನ ಕೈ ಕೊಟ್ಟ. ಇಡೀ ವರ್ಷದಲ್ಲಿ ಇಷ್ಟು ಹಗುರ ಅನಿಸಿರಲಿಲ್ಲ. ಬರುವಾಗ ಭರಮಪ್ಪ ಕಾಕಾ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದರು. ಯಾರೂ ಅಣ್ಣನ ಮಾತು ತೆಗೆಯಲಿಲ್ಲ. ಕರುಣೆ ತೋರಿಸಲಿಲ್ಲ. ಆಟದ ಮಾತೇ ಆಡಿದರು. ಹೀಗೆ ಇದ್ದರೆ ಸಾಕು.

ಪ್ರಸಾದನನ್ನು ಇವತ್ತು ಇಳಿಸಲೇ ಇಲ್ಲ. ಅವನ ಜಾಗದಲ್ಲಿ ದಪ್ಪ ಹುಡುಗ ಒಬ್ಬ ಇದ್ದ, ಇದ್ದಲ್ಲೇ ಇರುತ್ತಾನೆ. ನಾನು ನಲ್ಲಿಯ ಹತ್ತಿರ ಬೂಟು ತೊಳೆಯುತ್ತಿದ್ದಾಗ ಪ್ರಸಾದ ಬಂದ.

"ಭರಮಪ್ಪ ಕಾಕಾ ಅಂದ್ರು, ನಾ ಹಿಂದ ಜಾಗಾ ಬಿಡ್ತೀನಿ ಅನ್ನೂ ಮಾತ ಮೊದಲ ಹೇಳಿದಾಂವ ನೀನ ಅಂತ. ಖರೇನ?"

"ಆಟದ ಮಾತ ಹೇಳಿದೆ."

"ನನಗ ಹೇಳಬೇಕಿತ್ತಲ್ಲ ಹಣಮಾ. ತಿದ್ಕೋತಿದ್ದೆ."

ಬೂಟಿನ ತಳದಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಕಡ್ಡಿಯಿಂದ ಕೆರೆದೆ. ತಲೆ ಎತ್ತಿದಾಗ ಅವನು ಹೋಗಿದ್ದ.

೨೨ ಡಿಸೆಂಬರ್, ರವಿವಾರ

ಪ್ರಸಾದ ಕ್ಲಬ್ ಬಿಟ್ಟು ಖಾನಾಪುರದ ತಂಡ ಸೇರಿದನಂತೆ. "ನಾ ಮೊದಲ ಹೇಳಿರ್ಲಿಲ್ಲೇನ, ಅವನ ಮನಸ್ಸ ಅಲ್ಲೇ ಇತ್ತು" ಅಂತ ಭರಮಪ್ಪ ಕಾಕಾ ಎಲ್ಲರಿಗೂ ಹೇಳುತ್ತಿದ್ದಾರೆ.

ಅವ್ವನಿಗೆ ಫೋನ್ ಹಚ್ಚಿದೆ. ಮುಂದಿನ ರವಿವಾರ ಬೆಳಗಾವಿಗೆ ಬಾ, ಈಗ ಪ್ರತಿ ಆಟಕ್ಕೂ ನಾನು ಇದ್ದೇನೆ, ಅಂದೆ.

"ರವಿವಾರ ಖಾನಾಪುರಕ್ಕ ಹೋಗ್ತೀನೋ. ಆ ಹುಡುಗಂದು ಆಟ ಇರ್ತದಲ್ಲ."

"ಅಂವ ಈಗ ಓಡೂದಿಲ್ಲವ್ವಾ. ಅಲ್ಲಿ ಎಡಗಡಿ ಹಾಕ್ಯಾರ ಅವನ್ನ."

"ಯಾಕ ಓಡೂದಿಲ್ಲ?" ಅಂತ ಕೇಳಿದಳು.

ಸಿಗ್ನಲ್ ಇಲ್ಲ ಅಂತ ಹೇಳಿ ಇಟ್ಟೆ.

೫ ಜನವರಿ ೨೦೨೫, ರವಿವಾರ

ಗೆದ್ದೆವು. ಒಂದು ಗೋಲು ನನ್ನದು.

೧೯ ಜನವರಿ, ರವಿವಾರ

ಖಾನಾಪುರದ ತಂಡದ ಮೇಲೆ, ಅವರದೇ ಮೈದಾನದಲ್ಲಿ. ಲೀಗಿನ ಕೊನೆಯ ಆಟ.

ಅವರ ಎಡಗಡೆಯ ಬ್ಯಾಕ್ ಪ್ರಸಾದ. ಅಂದರೆ ನನ್ನ ಎದುರಿಗೆ ಅವನೇ. ಕೋಚ್ ಸರ್ ಮೊದಲೇ ಹೇಳಿದ್ದರು: "ಅವನ ಎಡಗಾಲ ಬರೇ ನಿಲ್ಲಾಕ ಐತಿ. ಹೊರಗಿಂದ ಹೊಡಕೊಂಡು ಹೋಗ."

ಹೊರಗಿನಿಂದಲೇ ಹೋದೆ. ಮೊದಲ ಸಲ ಅವನು ಹಿಂದೆ ಬಿದ್ದ. ಎರಡನೇ ಸಲ ಅಂಗಿ ಹಿಡಿಯಲು ನೋಡಿದ, ಸಿಗಲಿಲ್ಲ. ಆಮೇಲೆ ನನಗೆ ಸಾಕೆನಿಸಲಿಲ್ಲ. ಚೆಂಡು ಬೇರೆ ಕಡೆ ಕೊಡಬಹುದಾದಾಗಲೂ ಅವನ ಮೇಲೆಯೇ ಒಯ್ದೆ. ಭರಮಪ್ಪ ಕಾಕಾನ ಮಂದಿ ಟೆಂಪೊ ಮಾಡಿಕೊಂಡು ಬಂದಿದ್ದರು. ಪ್ರಸಾದ ತಪ್ಪಿದಾಗಲೆಲ್ಲ ಅವರು ಸೀಟಿ ಹೊಡೆದರು. ಗುರುಪುತ್ರಪ್ಪನವರು ಮಾತ್ರ ನನ್ನ ಕಡೆ ನೋಡಿ, "ಸಾಕೋ ಹಣಮಾ, ಇನ್ನ ಚೆಂಡ ನಡಕ ಕೊಡ," ಅಂತ ಕೂಗಿದರು. ಅವರಿಗೆ ಯಾವಾಗಲೂ ಏನಾದರೂ ಕೊರತೆ ಕಾಣುತ್ತದೆ.

ಕೊನೆಗೆ ಅವನು ಕಾಲು ಜಾರಿ ಮೊಣಕಾಲಿನ ಮೇಲೆ ಬಿದ್ದ. ನಾನು ದಾಟಿ ಹೋಗಿ ಹೊಡೆದೆ. ಗೋಲು. ಕೈ ಎತ್ತಿ ತಿರುಗಿದಾಗ ಗೆರೆಯ ಆಚೆ ಅವ್ವ ನಿಂತಿದ್ದು ಕಂಡಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಆಟದಲ್ಲಿ ಅವಳು ನನ್ನನ್ನು ನೋಡಿದ್ದು ಇದೇ ಮೊದಲು. ಆಮೇಲೆ ಸೆರಗು ಬಿಗಿ ಮಾಡಿಕೊಂಡು ರಸ್ತೆಯ ಕಡೆ ನಡೆದಳು.

ಮುಗಿದ ಮೇಲೆ ಹುಡುಕಿದೆ, ಇರಲಿಲ್ಲ. ಭರಮಪ್ಪ ಕಾಕಾ ಬಟ್ಟೆಯ ಎರಡು ಗಂಟು ತಂದು ನನ್ನ ಕೈಗೆ ಕೊಟ್ಟರು.

"ನಿಮ್ಮವ್ವ ಕೊಟ್ಟ ಹ್ವಾದ್ಲು. ಒಂದ ನಿನಗ, ಒಂದ ಆ ಪ್ರಸಾದಗ. ಹಣಮನ ಕೈಲೇ ಕೊಡಸ್ರಿ ಅಂದ್ಲು. ಕುಂದರ್ರಿ ಯವ್ವಾ, ನಿಮ್ಮ ಮಗಾ ಗೋಲ್ ಹಾಕ್ಯಾನ ಅಂದೆ. ನೋಡಿದ್ನಿ ಅಂದ್ಲು, ಹ್ವಾದ್ಲು."

ಪ್ರಸಾದ ನಲ್ಲಿಯ ಹತ್ತಿರ ಮೊಣಕಾಲು ತೊಳೆಯುತ್ತಿದ್ದ. ಒಬ್ಬನೇ ಇದ್ದ. ನನಗೂ ಅವನಿಗೂ ನಡುವೆ ಬಹಳ ದೂರ ಇರಲಿಲ್ಲ. ಗಂಟು ಹಿಡಿದುಕೊಂಡು ನಿಂತಿದ್ದೆ. ಅವನು ತಲೆ ಎತ್ತಿ ನೋಡಿದ. ಅಷ್ಟರಲ್ಲಿ ಟೆಂಪೊದವನು ಹಾರ್ನ್ ಹೊಡೆದ, ಎಲ್ಲರೂ ನನ್ನ ಹೆಸರು ಹಿಡಿದು ಕರೆದರು, ಹೋಗಿ ಹತ್ತಿದೆ.

ಟೆಂಪೊದಲ್ಲಿ ಹಾಡು, ಗದ್ದಲ. ನಾನು ಮೂಲೆಯಲ್ಲಿ ಕುಳಿತು ಮೊದಲು ಅವನ ಗಂಟು ಬಿಚ್ಚಿದೆ. ಆಮೇಲೆ ನನ್ನದು. ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಅವನಿಗೆ ಹೆಚ್ಚು ಕಟ್ಟಿರುತ್ತಾಳೆ ಅಂದುಕೊಂಡಿದ್ದೆ. ಎರಡರಲ್ಲೂ ಅಷ್ಟೇ ರೊಟ್ಟಿ, ಅಷ್ಟೇ ಶೇಂಗಾ ಹಿಂಡಿ, ಒಂದೊಂದು ಉಳ್ಳಾಗಡ್ಡಿ.

ಹಸಿವಾಗಿತ್ತು. ಎರಡನ್ನೂ ತಿಂದೆ.